ಹಂಸದ ಕೊರಳು ಮೂಲರೂಪವಲ್ಲ

ನಗರ ಸೌಂದರ್ಯೀಕರಣ ಕೋಶದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ವಿಮಾನಕ್ಕೆ ಹಂಸದ ಕೊರಳು ಜೋಡಿಸಬೇಕೆಂದು ತಾವು ಹೊರಡಿಸಿದ ಆದೇಶ ಕೈಸೇರಿತು. ಠಾಕುರ್ಲಿಯ ನಮ್ಮ ಕನ್ನಡ ಸಂಘದ ಹಿಂದಿನ ಶೆಡ್ಡಿನಲ್ಲಿರುವ ಹಳೆಯ ಟೈಗರ್ ಮಾತ್ ವಿಮಾನವನ್ನು 'ಮೂಲರೂಪಕ್ಕೆ ತರುವುದು', ಅಂದರೆ ಮೂತಿಗೆ ಹಂಸದ ಕೊರಳು ಕೂರಿಸಿ, ಮೈಗೆಲ್ಲ ಬಂಗಾರದ ಬಣ್ಣ ಬಳಿದು, ಗಟ್ಟಿಯಾಗಿರಲೆಂದು ಹೊಟ್ಟೆಗೆ ಸಿಮೆಂಟು ತುಂಬಿ, ಮಾಜಿವಾಡಾ ಕಡೆಯ ಹೆದ್ದಾರಿ ವೃತ್ತದಲ್ಲಿ ಕಂಬದ ಮೇಲೆ ನಿಲ್ಲಿಸುವುದು. ಸಂಘ ಒಪ್ಪದಿದ್ದರೆ ಅದನ್ನು ಅನಧಿಕೃತ ಬಾಂಧಕಾಮವೆಂದು, ಅಂದರೆ ಪರವಾನಗಿ ಇಲ್ಲದ ಕಟ್ಟಡವೆಂದು, ಎತ್ತಿ ಒಯ್ಯುವುದು. ಆದೇಶದ ಸಾರ ಇಷ್ಟು. ಭಾಷೆ ಬಹಳ ಗಂಭೀರವಾಗಿದೆ. ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೆಯ ಸಲ ನಗು ಬಂತು, ಮೂರನೆಯ ಸಲ ಒಬ್ಬನೇ ಓದುವ ಧೈರ್ಯವಾಗಲಿಲ್ಲ.

ಈ ಆದೇಶವನ್ನು ವಿರೋಧಿಸಲು ನನ್ನಷ್ಟು ಯೋಗ್ಯ ಮನುಷ್ಯ ಕಲ್ಯಾಣದಿಂದ ಠಾಣೆಯವರೆಗೆ ಹುಡುಕಿದರೂ ಸಿಗಲಾರ. ಏಕೆಂದರೆ ಆ ಹಂಸದ ಕೊರಳನ್ನು ಮಾಡಿಸಿದವನು ನಾನು. ಬಂಗಾರದ ಬಣ್ಣ ಬಳಿಸಿದವನೂ ನಾನೇ. ತಾವು ಸರಕಾರದ ಖರ್ಚಿನಲ್ಲಿ ಮಾಡಹೊರಟ ತಪ್ಪನ್ನು ನಾನು ಸಂಘದ ಖರ್ಚಿನಲ್ಲಿ ಆಗಲೇ ಮಾಡಿ, ಬೈಸಿಕೊಂಡು, ತಿದ್ದಿಕೊಂಡು ಬಂದಿದ್ದೇನೆ. ಅನುಭವಸ್ಥರ ಮಾತು ಕೇಳಬೇಕು ಎನ್ನುತ್ತಾರೆ. ಮೂರ್ಖತನದಲ್ಲಿ ನನಗಿರುವ ಅನುಭವವನ್ನು ಅಲ್ಲಗಳೆಯುವವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ.

ನನ್ನ ಪರಿಚಯ ಹೇಳುತ್ತೇನೆ. ಹೆಸರು ಸರ್ವೋತ್ತಮ. ಡೊಂಬಿವಲಿಯಲ್ಲಿ ಆಯುಷ್ಯವಿಡೀ ಹೋಟೆಲು ನಡೆಸಿ, ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿ ಕೂತವನು ನಾನು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನನಗೆ ಕೆತ್ತಲು ಸಿಕ್ಕಿದ್ದು ಕನ್ನಡ ಸಂಘ. ಹಿಂದಿನ ಅಧ್ಯಕ್ಷರು ಪುಣೆಗೆ ಹೋದರು, ಮುಂದಿನವರು ಯಾರೂ ಮುಂದೆ ಬರಲಿಲ್ಲ, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನು ಅಧ್ಯಕ್ಷನಾದೆ. ಆ ವರ್ಷ ಸಂಘದ ಬೆಳ್ಳಿಹಬ್ಬ. ಕಲ್ಯಾಣದ ಇನ್ನೊಂದು ಸಂಘದವರು ತಮ್ಮ ಹಬ್ಬದಲ್ಲಿ ವೇದಿಕೆಯ ಮೇಲೆ ಥರ್ಮಾಕೋಲಿನ ಅರಮನೆ ಕಟ್ಟಿ, ಅದರೊಳಗೆ ನಿಜವಾದ ಕಾರಂಜಿ ಚಿಮ್ಮಿಸಿದ್ದರು. ಆ ಕಾರಂಜಿ ನನ್ನ ನಿದ್ದೆ ಕೆಡಿಸಿತು. ಅವರು ನೀರು ಹಾರಿಸಿದರೆ ನಾವು ವಿಮಾನವನ್ನೇ ಹಾರಿಸೋಣ ಎಂದು ಸಭೆಯಲ್ಲಿ ಘೋಷಿಸಿಬಿಟ್ಟೆ. ಬೆಳ್ಳಿಹಬ್ಬಕ್ಕೆ ಯಕ್ಷಗಾನ, ರಕ್ಕಸ ದೊರೆ ಪುಷ್ಪಕ ವಿಮಾನದಲ್ಲಿ ಕೂತು ಮೇಲಿನಿಂದ ಇಳಿದು ಬರುತ್ತಾನೆ.

ಯಕ್ಷಗಾನ ಗೊತ್ತಿರುವವರು ಈ ಮಾತಿಗೇ ನಗುತ್ತಾರೆ. ನಮ್ಮ ಆಟದಲ್ಲಿ ಸಿಂಹಾಸನವೆಂದರೆ ಒಂದು ಸ್ಟೂಲು. ರಥವೆಂದರೂ ಅದೇ ಸ್ಟೂಲು, ಬೆಟ್ಟವೆಂದರೂ ಅದೇ. ಉಳಿದದ್ದನ್ನು ಕಲಾವಿದ ಬಾಯಲ್ಲಿ ಕಟ್ಟುತ್ತಾನೆ. ನಮ್ಮ ಭಾಗವತರು ಇದನ್ನೇ ಹೇಳಿ ತಡೆದರು. ಆದರೆ ಕಾರಂಜಿಯ ಶಬ್ದ ಕಿವಿಯಲ್ಲಿರುವಾಗ ಭಾಗವತರ ಮಾತು ಕೇಳಿಸುತ್ತದೆಯೇ?

ರಕ್ಕಸ ದೊರೆಯ ವೇಷ ಚೆನ್ನಯನದು. ಹಗಲು ನಮ್ಮ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಚೆನ್ನಯ, ಶನಿವಾರ ರಾತ್ರಿ ಬಣ್ಣ ಹಚ್ಚಿಕೊಂಡರೆ ಎದುರು ನಿಂತವರು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಮೊಣಕಾಲು ಸವೆದಿತ್ತು. ಇನ್ನು ಕುಣಿದರೆ ನಡೆಯುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬೆಳ್ಳಿಹಬ್ಬದ ಆಟವೇ ಕೊನೆಯದೆಂದು ಅವನು ನಿಶ್ಚಯಿಸಿದ್ದ. "ಇಷ್ಟು ವರ್ಷ ಸ್ಟೂಲಿನ ಮೇಲೇ ಬಂದದ್ದು ಸರ್ವಣ್ಣ. ಒಂದು ಸಲ ಮೇಲಿಂದ ಬರುವ ಆಸೆ ಉಂಟು ಮಾರಾಯ್ರೆ," ಎಂದ. ಊರಿನಿಂದ ಅಕ್ಕ, ಬಾವ, ಅವರ ಮಕ್ಕಳೆಲ್ಲ ಬರುವುದೆಂದಾಯಿತು. ಕರಪತ್ರದಲ್ಲಿ ಅವನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಪುಷ್ಪಕ ವಿಮಾನ' ಎಂದು ಅಚ್ಚಾಯಿತು. ಅಚ್ಚು ಹಾಕಿಸಿದವನು ಯಾರೆಂದು ಹೇಳಬೇಕಾಗಿಲ್ಲ.

ಶಿಳ್‌ಫಾಟಾ ರಸ್ತೆಯ ಗುಜರಿ ಅಂಗಡಿಯೊಂದರಲ್ಲಿ ಉದ್ದನೆಯ ಕಬ್ಬಿಣದ ಚೌಕಟ್ಟೊಂದು ಬಿದ್ದಿತ್ತು. ನೋಡಲು ದೋಣಿಯ ಹಾಗಿತ್ತು. ತೆಳ್ಳನೆಯ ಕೊಳವೆಗಳು, ಹಿಂದಕ್ಕೆ ಹೋದಂತೆ ಸಪೂರ. ತೂಕದ ಲೆಕ್ಕದಲ್ಲಿ ಕೊಟ್ಟರು, ಚೌಕಾಸಿ ಮಾಡಿ ತಂದೆ. ನಮ್ಮ ಹೋಟೆಲಿಗೆ ಇಡ್ಲಿ ಪೆಟ್ಟಿಗೆ ಮಾಡಿಕೊಡುತ್ತಿದ್ದ ವೆಲ್ಡರನಿಂದ ತಗಡಿನ ಹಂಸದ ಕೊರಳು ಮಾಡಿಸಿ ಅದರ ಮೂತಿಗೆ ಬೆಸೆಸಿದೆ. ಕಣ್ಣಿಗೆ ಕೆಂಪು ಬಲ್ಬು. ವಾಹನಕ್ಕೆ ಪೂಜೆ ಮಾಡಿಸದೆ ಹತ್ತುವ ಜನ ನಾವಲ್ಲವಲ್ಲ. ನಿಂಬೆಹಣ್ಣು, ಕುಂಬಳಕಾಯಿ, ಕುಂಕುಮ ಎಲ್ಲ ಆಯಿತು. ಹಂಸದ ಕೊರಳ ಮೇಲೆ ಕೈಯಿಟ್ಟು ನಾನು ಫೋಟೋ ಹೊಡೆಸಿಕೊಂಡೆ. ಈ ಫೋಟೋವನ್ನು ದಯವಿಟ್ಟು ನೆನಪಿಡಿ, ಮುಂದೆ ಇದೇ ನಮ್ಮನ್ನು ಮುಳುಗಿಸುತ್ತದೆ.

ಆ ಹೊತ್ತಿಗೆ ಚೆನ್ನಯನ ಮಗಳು ರಮಿತಾ ಡ್ಯೂಟಿ ಮುಗಿಸಿ ಬಂದಳು. ವಿಮಾನ ರಿಪೇರಿಯ ಇಂಜಿನಿಯರು. ಈಗ ನವಿ ಮುಂಬಯಿಯ ಹೊಸ ನಿಲ್ದಾಣದಲ್ಲಿದ್ದಾಳೆ. ಇಲ್ಲೇ ಹುಟ್ಟಿ ಬೆಳೆದವಳು, ನಾವು ಕನ್ನಡದಲ್ಲಿ ಕೇಳಿದರೆ ಅವಳು ಮೂರು ಭಾಷೆಯಲ್ಲಿ ಉತ್ತರ ಕೊಡುತ್ತಾಳೆ. ಚೌಕಟ್ಟನ್ನು ಒಂದು ಸುತ್ತು ಬಂದಳು. ಬಂಗಾರದ ಬಣ್ಣವನ್ನು ಉಗುರಿನಿಂದ ಕೆರೆದಳು.

"ಅಂಕಲ್, ಯೇ ಕ್ಯಾ ಕಿಯಾ ಆಪ್‌ನೇ? ಏನು ಮಾಡಿಬಿಟ್ಟಿರಿ? ಇದು ಟೈಗರ್ ಮಾತ್. ಪೂರಾ ಫ್ರೇಮ್ ಇದೆ. ಇದರ ಮೇಲೆ ಬದಕ್ ಕೂರಿಸಿದ್ದೀರಾ?"

"ಬಾತುಕೋಳಿ ಅಲ್ಲಮ್ಮ, ಹಂಸ," ಎಂದು ತಿದ್ದಿದೆ. ಆ ಕ್ಷಣದಲ್ಲಿ ನನಗೆ ಮುಖ್ಯವೆನಿಸಿದ್ದು ಅದೊಂದೇ.

ಅವಳು ಕೂತು ಹೇಳಿದಳು. ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ತಂತಿಗಳು, ತೆರೆದ ಎರಡು ಆಸನ. ಒಂದರಲ್ಲಿ ಕಲಿಸುವವನು, ಒಂದರಲ್ಲಿ ಕಲಿಯುವವನು. ಮಹಾಯುದ್ಧದ ಕಾಲದಲ್ಲೂ ಆಮೇಲೆ ಫ್ಲೈಯಿಂಗ್ ಕ್ಲಬ್ಬುಗಳಲ್ಲೂ ಈ ದೇಶದ ಎಷ್ಟೋ ಜನ ಹಾರಲು ಕಲಿತದ್ದು ಇಂಥದರಲ್ಲಿ. ಬಹುಪಾಲು ಗುಜರಿಗೆ ಹೋದವು. ಅವಳೇ ಇದನ್ನು ಪಾಠದ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದಳು. ನಾನು ತಲೆಯಾಡಿಸಿ, "ಆಟ ಒಂದು ಮುಗಿಯಲಿ, ಆಮೇಲೆ ನೋಡುವ" ಎಂದೆ. ಆದರೆ ಆಟಕ್ಕೆ ಮೊದಲು ಇನ್ನೊಂದು ಕೆಲಸ ಬಾಕಿಯಿತ್ತು. ಬಾಲ ಉದ್ದವಾಗಿ ಸಭಾಂಗಣದ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಮರುದಿನ ವೆಲ್ಡರ್ ಬಂದು ಅದನ್ನು ನಡುವಿಗೆ ಕತ್ತರಿಸುವವನಿದ್ದ.

"ಪಪ್ಪಾ, ಕಾಪೂ ನಕಾ," ಎಂದಳು ರಮಿತಾ. ಕತ್ತರಿಸಬೇಡಿ.

ಚೆನ್ನಯ ಕೇಳಿದ: "ಆಮೇಲೆ ಪುನಃ ಜೋಡಿಸ್ಲಿಕ್ಕೆ ಆಗುದಿಲ್ವಾ?"

"ಜೋಡಿಸಬಹುದು. ಆದರೆ ಆಮೇಲೆ ಅದು ವಿಮಾನ ಆಗಿರೋದಿಲ್ಲ, ಸಿರ್ಫ್ ಲೋಹಾ, ಬರೀ ಕಬ್ಬಿಣ."

ಚೆನ್ನಯ ಬಾಲದ ಕೊಳವೆಯ ಮೇಲೆ ಕೈಯಾಡಿಸಿದ. ಆಮೇಲೆ, "ಹಾಗಾದ್ರೆ ಬೇಡ. ಸ್ಟೂಲು ಉಂಟಲ್ಲ," ಎಂದ. ನಾನು ಕರಪತ್ರದ ಮಾತೆತ್ತಿದೆ. ಅವನು ವೆಲ್ಡರನ ಅಂಗಡಿಯಿಂದ ಗರಗಸ ತಂದು ನನ್ನ ಕೈಗೆ ಕೊಟ್ಟ. ಹಂಸದ ಕೊರಳನ್ನು ನಾನೇ ಕೊಯ್ಯಬೇಕಾಯಿತು.

ಬೆಳ್ಳಿಹಬ್ಬದ ದಿನ ಅವನು ಸ್ಟೂಲಿನ ಮೇಲೆ ಬಂದ. ಸಭೆಯಲ್ಲಿ ಮಕ್ಕಳು "ವಿಮಾನ ಕುಠೇ?", ವಿಮಾನ ಎಲ್ಲಿ, ಎಂದು ಕೂಗಿದರು. ಕಲ್ಯಾಣದವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ಚೆನ್ನಯ ಸುಮ್ಮನೆ ಸ್ಟೂಲಿನ ಮೇಲೆ ಕೂತು, ತನ್ನ ವಿಮಾನ ಹೇಗಿದೆಯೆಂದು ಮಾತು ಶುರುಮಾಡಿದ. ಹಂಸದ ಸುದ್ದಿಯೇ ಇಲ್ಲ. ಮೇಲೊಂದು ಕೆಳಗೊಂದು ರೆಕ್ಕೆ, ಬಟ್ಟೆಯ ರೆಕ್ಕೆ, ನಡುವೆ ವೀಣೆಯ ಹಾಗೆ ಬಿಗಿದ ತಂತಿ, ಗಾಳಿ ಬಂದರೆ ಅದು ಹಾಡುತ್ತದೆ ಎಂದ. ಮಗಳು ಹೇಳಿದ್ದನ್ನೆಲ್ಲ ಆ ರಕ್ಕಸ ದೊರೆಯ ಬಾಯಿಗೆ ಹಾಕಿದ. ಕೂಗುತ್ತಿದ್ದ ಮಕ್ಕಳು ವೇದಿಕೆಯ ಹತ್ತಿರಕ್ಕೆ ಸರಿದು ಕೂತರು. ನಾನು ಪರದೆಯ ಹಿಂದೆ ನಿಂತು ಅತ್ತೆ. ಅಂದು ಕಳಚಿದ ಗೆಜ್ಜೆಯನ್ನು ಅವನು ಮತ್ತೆ ಕಟ್ಟಲಿಲ್ಲ.

ಮಾನ್ಯರೇ, ಈ ವಿಮಾನಕ್ಕೆ ಎಷ್ಟು ಖರ್ಚಾಯಿತು ಎಂದು ತಮ್ಮ ಕಚೇರಿಯ ಗುಮಾಸ್ತರು ಕೇಳಿದ್ದರು. ರೂಪಾಯಿಯ ಲೆಕ್ಕ ನಮ್ಮ ಖಜಾಂಚಿಯ ಬಳಿ ಇದೆ. ಅದನ್ನು ಕೂಡಿಸಿದ ದಿನ ಅವರು ರಾತ್ರಿಯ ಊಟ ಬಿಟ್ಟರಂತೆ. ಆದರೆ ನನ್ನನ್ನು ಕೇಳಿದರೆ ಮೊದಲ ಖರ್ಚು ಚೆನ್ನಯನ ಆ ಒಂದು ಪ್ರವೇಶ. ಉಳಿದದ್ದೆಲ್ಲ ಅದರ ಮುಂದೆ ಚಿಲ್ಲರೆ.

ಚಿಲ್ಲರೆಯನ್ನೂ ಹೇಳುತ್ತೇನೆ. ಲಾಕ್‌ಡೌನ್ ಕಳೆದ ಮೇಲೆ ಅದನ್ನು ಪುನಃ ವಿಮಾನವಾಗಿಸಲು ನಮ್ಮ ಭಾನುವಾರಗಳೆಲ್ಲ ಶೆಡ್ಡಿಗೆ ಹೋದವು. ಬಂಗಾರದ ಬಣ್ಣ ಕೆರೆದೆವು, ರಮಿತಾ ಹೇಳಿದಂತೆ ಮರದ ರೆಕ್ಕೆ ಕಟ್ಟಿಸಿದೆವು. ರೆಕ್ಕೆಗೆ ಬಟ್ಟೆ ಬೇಕೆಂದಾಗ ನಾನು, ಸಂಘದಲ್ಲಿ ಹಳೆಯ ಫ್ಲೆಕ್ಸ್ ಬ್ಯಾನರುಗಳು ರಾಶಿ ಇವೆ, ಗಟ್ಟಿಯೂ ಹೌದು ಎಂದೆ. ಹುಟ್ಟುಹಬ್ಬದ ಶುಭಾಶಯ ಕೋರುವ ಪುಢಾರಿಗಳು ರೆಕ್ಕೆಯ ಮೇಲೆ ಕೈಮುಗಿದು ನಿಲ್ಲುವುದನ್ನು ರಮಿತಾ ಒಪ್ಪಲಿಲ್ಲ. ನಿಗದಿಯಾದ ಹತ್ತಿಬಟ್ಟೆಯೇ ಬೇಕು, ಅದನ್ನು ಮರದ ಪಕ್ಕೆಲುಬುಗಳಿಗೆ ಮೇಣದ ದಾರದಲ್ಲಿ ಹೊಲಿಯಬೇಕು ಎಂದಳು. ಹೊಲಿದವರು ಗದಗಿನ ಕಡೆಯ ದಾನಮ್ಮ ಮತ್ತು ಮಹಿಳಾ ವಿಭಾಗದವರು, ಕೌದಿ ಹೊಲಿದು ಪಳಗಿದ ಕೈಗಳು. "ಏನ್ರೀ ಅಧ್ಯಕ್ಷರ, ಇಷ್ಟ್ ದೊಡ್ಡ ಕೌದಿ ಯಾರಿಗ್ ಹೊಚ್ಚಾಕ್ರೀ?" ಎಂದು ದಾನಮ್ಮ ಸೂಜಿ ಪೋಣಿಸುತ್ತಲೇ ಕೇಳಿದರು.

ಬಟ್ಟೆ ಬಿಗಿಯಲೆಂದು ಅದಕ್ಕೊಂದು ಲೇಪ ಹಚ್ಚಬೇಕು, ಅದು ಘಾಟು. ಪಕ್ಕದ ಹೌಸಿಂಗ್ ಸೊಸೈಟಿಯವರು ವಾಸನೆಯೆಂದು ದೂರು ಕೊಟ್ಟರು. ಕಾರ್ಖಾನೆಗಳ ಗಾಳಿ ಕುಡಿದೇ ದೊಡ್ಡವರಾದ ಡೊಂಬಿವಲಿ ಸೀಮೆಯ ಜನಕ್ಕೆ ವಾಸನೆ ತಿಳಿಯುವ ಹಾಗೆ ಮಾಡಿದ ಕೀರ್ತಿ ನಮ್ಮ ಸಂಘದ್ದು. ರೆಕ್ಕೆ ಶೆಡ್ಡಿನಿಂದ ಹೊರಗೆ ಚಾಚಿದ್ದರಿಂದ ಯಾರೋ ಅದರ ಮೇಲೆ ಹಪ್ಪಳ ಒಣಗಿಸಿದರು. ವಿಚಾರಿಸಿದಾಗ ಆ ಯಾರೋ ನನ್ನ ಹೆಂಡತಿ ಜಯಲತಾ ಎಂದು ತಿಳಿಯಿತು. "ಇಷ್ಟು ವರ್ಷದಲ್ಲಿ ಅದರಿಂದ ಮನೆಗೆ ಆದ ಉಪಕಾರ ಇದೊಂದೇ," ಎಂದಳು.

ಪ್ರೊಪೆಲ್ಲರನ್ನು ನಾನೇ ಮಾಡಿಸುತ್ತೇನೆಂದು ಹಟ ಹಿಡಿದೆ. ಮನೆಯ ಟೇಬಲ್ ಫ್ಯಾನನ್ನು ಮಾದರಿಯಾಗಿ ಬಡಗಿಗೆ ಕೊಟ್ಟೆ. ತೇಗದಲ್ಲಿ ಕನ್ನಡಿಯಂತೆ ನುಣುಪಾಗಿ ಬಂತು. ರಮಿತಾ ಅದನ್ನು ತಿರುಗಿಸಿ ನೋಡಿ, "ಅಂಕಲ್, ಇದನ್ನು ಹಾಕಿದರೆ ವಿಮಾನ ರಿವರ್ಸ್‌ನಲ್ಲಿ ಹೋಗುತ್ತೆ," ಎಂದಳು. "ಸೈಕಲ್ ಬಿಡ್ಲಿಕ್ಕೆ ಬಾರದವರಿಗೆ ವಿಮಾನ ಎಂತಕ್ಕೆ?" ಎಂಬುದು ಜಯಲತಾಳ ಷರಾ. ಆ ಪ್ರೊಪೆಲ್ಲರ್ ಈಗ ನಮ್ಮ ಹೋಟೆಲಿನ ಕೈತೊಳೆಯುವ ಬೇಸಿನ್ನಿನ ಮೇಲೆ ತೂಗುತ್ತಿದೆ, ಗಿರಾಕಿಗಳು ಅದಕ್ಕೆ ಟವೆಲು ಹಾಕುತ್ತಾರೆ.

ತಾವು ಕೇಳಬಹುದು: ರೆಕ್ಕೆ ಹೊಸದು, ಬಟ್ಟೆ ಹೊಸದು, ಇಂಜಿನ್ನೇ ಇಲ್ಲ, ಹಾರುವುದೂ ಇಲ್ಲ, ಹಳೆಯದೆಂದು ಉಳಿದದ್ದು ಆ ಕೊಳವೆಗಳ ಚೌಕಟ್ಟು ಮಾತ್ರ. ಹಾಗಿದ್ದ ಮೇಲೆ ಇದೇನು ಐತಿಹಾಸಿಕ, ನಿಮ್ಮ ಹಂಸವೇನು ಪಾಪ ಮಾಡಿತ್ತು? ಒಳ್ಳೆಯ ಪ್ರಶ್ನೆ. ಇದನ್ನೇ ನಾನು ಕೇಳಿದಾಗ ಚೆನ್ನಯ ಹೇಳಿದ: "ಕಾವಲಿ ಹಳೇದು, ಹಿಟ್ಟು ದಿನಾ ಹೊಸತು. ಆದ್ರೂ ದೋಸೆ ಅದೇ ಅಲ್ವಾ? ಆದರೆ ಕಾವಲಿ ಮೇಲೆ ನೀವು ಸಿಮೆಂಟ್ ಹುಯ್ದ್ರೆ ದೋಸೆ ಏಳುದಿಲ್ಲ." ಹೊಸದನ್ನು ಸೇರಿಸುವುದು ತಪ್ಪಲ್ಲ. ಅದು ಏನಾಗಿತ್ತು ಎಂದು ಕೇಳದೆ ಸೇರಿಸುವುದು ತಪ್ಪು. ನಾನು ಕೇಳಿರಲಿಲ್ಲ. ತಾವೂ ಕೇಳುತ್ತಿಲ್ಲ. ವ್ಯತ್ಯಾಸ ಇಷ್ಟೇ, ನನ್ನ ಬಳಿ ಗರಗಸ ತಂದುಕೊಡುವ ಚೆನ್ನಯನಿದ್ದ.

ಈಗ ನಮ್ಮ ಅರ್ಜಿಯ ವಿಷಯ. ನಾವು ತಮ್ಮನ್ನು ಕೇಳಿದ್ದು ಒಂದೇ: ಮಳೆಗಾಲಕ್ಕೆ ಮೊದಲು ಶೆಡ್ಡಿನ ತಗಡನ್ನು ಸ್ವಲ್ಪ ಮುಂದಕ್ಕೆ ಚಾಚಲು ಅನುಮತಿ. ಹೊರಗಿರುವ ರೆಕ್ಕೆಯ ತುದಿ ನೆನೆದರೆ ಬಟ್ಟೆ ಕೊಳೆಯುತ್ತದೆ, ಒಳಗಿನ ಮರ ಉಬ್ಬುತ್ತದೆ. ಅರ್ಜಿಗೆ ಒಂದು ಫೋಟೋ ಲಗತ್ತಿಸಬೇಕೆಂದಿತ್ತು. ರಮಿತಾ ಈಗಿನ ಫೋಟೋ ಕೊಟ್ಟಿದ್ದಳು. ನಾನು ಅದರ ಜೊತೆಗೆ ಹಳೆಯದನ್ನೂ ಸೇರಿಸಿದೆ, ಹಂಸದ ಕೊರಳ ಮೇಲೆ ನಾನು ಕೈಯಿಟ್ಟು ನಿಂತದ್ದು. ಯಾಕೆ ಸೇರಿಸಿದೆ? ಸತ್ಯ ಹೇಳುತ್ತೇನೆ. ಆ ಫೋಟೋದಲ್ಲಿ ನನ್ನ ತಲೆಯ ಮೇಲೆ ಕೂದಲಿದೆ.

ತಾವು ತಪಾಸಣೆಗೆ ಬಂದಿರಿ. ವಿಮಾನವನ್ನು ನೋಡಿ, "ಛಾನ್ ಆಹೇ, ಪಣ ಕಲರ್ ನಾಹೀ," ಎಂದಿರಿ. ಚೆನ್ನಾಗಿದೆ, ಆದರೆ ಬಣ್ಣವಿಲ್ಲ. ಚಹಾ ಕುಡಿದಿರಿ, ದಾನಮ್ಮನ ಹೊಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಿರಿ. ತಮ್ಮ ಕಣ್ಣಿನಲ್ಲಿ ಆಸೆಯೂ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಚೇರಿಗೆ ಹೋಗಿ ಎರಡು ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಬೇಕು. ಹಂಸವಿರುವ ಫೋಟೋ ಹಳೆಯದು, ಹಂಸವಿಲ್ಲದ್ದು ಹೊಸದು. ಆದ್ದರಿಂದ ಹಂಸವೇ ಮೂಲ, ಸಂಘದವರು ಅದನ್ನು ವಿರೂಪಗೊಳಿಸಿದ್ದಾರೆ! ಪರಂಪರೆಯನ್ನು ಕೆಡಿಸಿದ ಆರೋಪ ಆದೇಶದಲ್ಲಿ ನಮ್ಮ ಮೇಲಿದೆ. ಕೆಡಿಸಿದಾಗ ಯಾರೂ ಕೇಳಲಿಲ್ಲ, ಸರಿಮಾಡಿದ ಮೇಲೆ ನೋಟಿಸು ಬಂತು.

ಹಳೆಯ ಫೋಟೋದಲ್ಲಿರುವುದೇ ಮೂಲರೂಪವಾದರೆ, ಅದೇ ಚಿತ್ರದಲ್ಲಿರುವ ನನ್ನನ್ನೂ ಮೂಲರೂಪಕ್ಕೆ ತರುವ ಯೋಜನೆ ತಮ್ಮ ಕೋಶದಲ್ಲಿದೆಯೇ? ಕೂದಲು, ಮೂರು ಹಲ್ಲು, ಒಂದಿಷ್ಟು ಸೊಂಟ? ಜಯಲತಾ ಈ ಬಗ್ಗೆ ತಮ್ಮಲ್ಲಿ ಪ್ರತ್ಯೇಕ ಅರ್ಜಿ ಹಾಕಲು ಸಿದ್ಧಳಿದ್ದಾಳೆ. ಇನ್ನು ಅನಧಿಕೃತ ಬಾಂಧಕಾಮದ ಮಾತು. ಏಳು ಮಾಳಿಗೆ ಎದ್ದು ನಿಂತು, ಜನ ವಾಸಕ್ಕೆ ಬಂದು, ಸತ್ಯನಾರಾಯಣ ಪೂಜೆಯೂ ಆದಮೇಲೆ ಅನಧಿಕೃತವೆಂದು ಪತ್ತೆಯಾಗುವ ಕಟ್ಟಡಗಳ ಸೀಮೆ ನಮ್ಮದು. ಇಲ್ಲಿ ಒಬ್ಬರೇ ತಳ್ಳಿದರೆ ಉರುಳುವ, ಎರಡು ಚಕ್ರವಿರುವ, ಬಟ್ಟೆಯ ಮೈಯ ವಸ್ತುವೊಂದು ಬಾಂಧಕಾಮವೆಂದು ಇಷ್ಟು ಬೇಗ ಕಣ್ಣಿಗೆ ಬಿದ್ದದ್ದು ತಮ್ಮ ದೃಷ್ಟಿಯ ಸೂಕ್ಷ್ಮತೆ. ವೃತ್ತದ ವಾಹನಗಳ ಜಾಮಿನಲ್ಲಿ ಸಿಕ್ಕಿಬಿದ್ದವರು ಸಿಮೆಂಟು ತುಂಬಿದ ವಿಮಾನವನ್ನು ನೋಡಿ ಏನು ಕಲಿಯಬೇಕು? ಹಾರುವುದು ಯಾರಿಂದಲೂ ಆಗದೆಂದೇ?

ಆದೇಶ ಬಂದ ಸಂಜೆ ಅದನ್ನು ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ದಾನಮ್ಮ ಬೈದರು, ಅದನ್ನು ಇಲ್ಲಿ ಬರೆಯಲಾಗದು. ರಮಿತಾ ರೆಕ್ಕೆಯ ತುದಿಗೆ ಪ್ಲಾಸ್ಟಿಕ್ ಹೊದಿಸುವುದನ್ನು ಮುಂದುವರಿಸಿದಳು. ಚೆನ್ನಯ ಆಟದ ಆ ಹಳೆಯ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲು ಈಗ ಮಡಚುವುದಿಲ್ಲ. ಹಂಸದ ಕೊರಳಿನ ವಾಕ್ಯವನ್ನು ಇನ್ನೊಮ್ಮೆ ಓದಿ ಎಂದ. ಓದಿದೆ.

"ಅಲ್ಲ ಸರ್ವಣ್ಣ," ಎಂದ ಅವನು, "ಕಡೆಗೂ ಅದನ್ನೇ ಕೂರಿಸುದಾದ್ರೆ, ಅವತ್ತೇ ನಾನು ಹತ್ತಬಹುದಿತ್ತಲ್ಲ?"

ಆದೇಶವನ್ನು ಮಡಚಿ ಜೇಬಿಗಿಟ್ಟು ಮನೆಗೆ ಬಂದವನೇ ಕಾಗದ ಎಳೆದುಕೊಂಡೆ. ಅದಕ್ಕೇ ಈ ಪತ್ರ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಈಗ ತಾವು.

ನಮ್ಮ ಬೇಡಿಕೆ ಹೀಗಿದೆ. ಆದೇಶವನ್ನು ಹಿಂದಕ್ಕೆ ಪಡೆಯಿರಿ. ಮಳೆ ಹಿಡಿಯುವ ಮೊದಲು ತಗಡು ಚಾಚಲು ಒಪ್ಪಿಗೆ ಕೊಡಿ. ತಗಡು, ಕೂಲಿ, ಮೊಳೆ ಎಲ್ಲ ನಮ್ಮದೇ. ವೃತ್ತದಲ್ಲಿ ಹಂಸವೊಂದು ನಿಲ್ಲಲೇಬೇಕೆಂದಿದ್ದರೆ ಅದಕ್ಕೂ ದಾರಿಯಿದೆ. ಕೊಯ್ದ ಕೊರಳು ನಮ್ಮ ಮನೆಯ ಬಾಲ್ಕನಿಯಲ್ಲೇ ಇದೆ, ಬಂಗಾರದ ಬಣ್ಣ ಇನ್ನೂ ಹೊಳೆಯುತ್ತಿದೆ, ಒಂದು ಕಣ್ಣಿನ ಬಲ್ಬು ಉರಿಯುತ್ತದೆ. ಅದರ ಮೇಲೆ ಒಣಗಿಸಿದ ಬಟ್ಟೆಗಳನ್ನು ತೆಗೆದುಕೊಡುವುದಾಗಿ ಜಯಲತಾ ಒಪ್ಪಿದ್ದಾಳೆ. ಟೆಂಪೋ ಕಳುಹಿಸಿ, ಒಯ್ಯಿರಿ, ಕಂಬದ ಮೇಲೆ ನಿಲ್ಲಿಸಿ, ಕೆಳಗೆ ನನ್ನ ಹೆಸರು ಬರೆಯಿರಿ. ಅದು ನೂರಕ್ಕೆ ನೂರು ಮೂಲ. ವಿಮಾನವನ್ನು ಮಾತ್ರ ಮುಟ್ಟಬೇಡಿ. ಒಬ್ಬ ಕಲಾವಿದ ಅದಕ್ಕಾಗಿ ಸ್ಟೂಲಿನ ಮೇಲೆ ಬಂದಿದ್ದಾನೆ.

ಇಂತಿ,
ಹಂಸದ ಕೊರಳನ್ನು ಕೂರಿಸಿದವನೂ ಕೊಯ್ದವನೂ ಆದ,
ಹಿಂದಕ್ಕೆ ಹಾರುವ ಪ್ರೊಪೆಲ್ಲರಿನ ಮಾಲೀಕ,
ಸರ್ವೋತ್ತಮ
ಡೊಂಬಿವಲಿ